ಇರುಳಿನ ದನಿ: ಜನ್ನನ ಅಮೃತಮತಿ ಮತ್ತು ಬೆಳ್ಳಿತೆರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಹಳ್ಳಿಗಳಿಗೆ ಸಿನಿಮಾ ಬಂದದ್ದು ಟೆಂಟುಗಳ ಮೂಲಕ. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಕೇಳಿಸಿತೆಂದರೆ ಆಟಕ್ಕೆ ಹೊತ್ತಾಯಿತೆಂದೇ ಅರ್ಥ. ಪ್ರೊಜೆಕ್ಟರು ಒಂದೇ ಇದ್ದುದರಿಂದ ರೀಲು ಬದಲಿಸಿದಾಗಲೆಲ್ಲ ವಿರಾಮ. ಹಾಲಿವುಡ್ಡಿನ ಚಿತ್ರಗಳಾದರೋ ಬೆಂಗಳೂರು ದಂಡಿನ ಪ್ಲಾಜಾದಂಥ ಮಂದಿರಗಳವು. ಟೆಂಟಿನ ನೆಲಕ್ಕೆ ಅವು ಇಳಿದದ್ದು ವಿರಳ. ಆದರೆ ಅಲ್ಲಿನ 'ನುವಾರ್' ಎಂಬ ಕಪ್ಪು ಕಥೆಯ ಜಾಡು ಕನ್ನಡಕ್ಕೆ ಹೊಸದಲ್ಲ. ತುರುವೇಕೆರೆ, ಅರಳಗುಪ್ಪೆಗಳಲ್ಲಿ ದೇಗುಲಗಳನ್ನು ಉಳಿಸಿಹೋದ ಹೊಯ್ಸಳರ ಕಾಲದಲ್ಲಿಯೇ, 1209ರಲ್ಲಿ, ಜನ್ನ 'ಯಶೋಧರ ಚರಿತೆ'ಯನ್ನು ಬರೆದಿದ್ದ.

ಬಿಲ್ಲಿ ವೈಲ್ಡರನ 'ಡಬಲ್ ಇಂಡೆಮ್ನಿಟಿ' (1944) ಚಿತ್ರದಲ್ಲಿ ಗುಂಡೇಟು ತಿಂದ ವಿಮಾ ಏಜೆಂಟನೊಬ್ಬ ರಾತ್ರಿ ಕಚೇರಿಯಲ್ಲಿ ಕುಳಿತು, ಧ್ವನಿಮುದ್ರಣ ಯಂತ್ರಕ್ಕೆ ತನ್ನ ಪಾಪವನ್ನು ಹೇಳಿಕೊಳ್ಳುತ್ತಾನೆ. ಪರಸತಿಯ ಮೋಹಕ್ಕೆ ಬಿದ್ದು ಅವಳ ಗಂಡನನ್ನು ಕೊಂದವನು ಅವನು. ಜನ್ನನಲ್ಲಿ ಚಂಡಮಾರಿಗೆ ಬಲಿಯಾಗಲು ನಿಂತ ಬಾಲಕ ಅಭಯರುಚಿ ಕತ್ತಿಯೆದುರು ತನ್ನ ಹಿಂದಿನ ಭವಗಳನ್ನು ಹೇಳುತ್ತಾನೆ. ಯಶೋಧರನಾಗಿದ್ದಾಗ ಅರಸಿ ಅಮೃತಮತಿ ಇರುಳಿನಲ್ಲಿ ತೇಲಿಬಂದ ಹಾಡಿಗೆ ಮಾರುಹೋಗಿ ಕುರೂಪಿ ಮಾವುತನನ್ನು ಕೂಡಿದಳು; ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕಿದಳು. ಎರಡೂ ಕಡೆ ಸಾವಿನ ಅಂಚಿನಲ್ಲಿರುವ ಗಂಡು ಹಿಂದಿನದನ್ನು ಹೇಳುತ್ತಾನೆ.

ಭೇದವಿರುವುದು ಪಾಪದ ಲೆಕ್ಕದಲ್ಲಿ. ಹಾಲಿವುಡ್ಡಿನಲ್ಲಿ ಹೆಣ ಬಿದ್ದರೆ ಅಪರಾಧ. ಯಶೋಧರ ಹೆಂಡತಿಯ ಮೇಲೆ ಎತ್ತಿದ ಕತ್ತಿಯನ್ನು ತಡೆದುಕೊಂಡವನು. ತಾಯಿಯ ಮಾತಿಗೆ ಕಟ್ಟುಬಿದ್ದು ಕಡಿದದ್ದು ಬರಿಯ ಹಿಟ್ಟಿನ ಹುಂಜವನ್ನು. ಕೊಲ್ಲುವ ಸಂಕಲ್ಪವೇ ಹಿಂಸೆಯಾದ್ದರಿಂದ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಅಟ್ಟದ ಕತ್ತಲಲ್ಲಿ ತಿಂಗಳುಗಟ್ಟಲೆ ಇದ್ದು, ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ತಾನೇ ಬಿಡುತ್ತದೆ. ಅಭಯರುಚಿ ಹಾಗೆ ಬಿಟ್ಟುಕೊಂಡ ಜೀವ. ಆದುದರಿಂದಲೇ ಅವನ ಕಥನದಲ್ಲಿ ಹೆಂಡತಿಯ ತಪ್ಪಿಗಿಂತ ತನ್ನ ತಪ್ಪಿನ ತೂಕ ಹೆಚ್ಚು.

ಆದರೂ ಅಮೃತಮತಿಯ ಕಥೆಯನ್ನು ಅವಳ ಬಾಯಿಂದ ಕೇಳಿದವರಿಲ್ಲ. ವೈಲ್ಡರನ ನಾಯಕಿಯ ಗತಿಯೂ ಅದೇ: ಅವಳು ಏನೆಂಬುದನ್ನು ಅವಳಿಂದ ನೊಂದವನೇ ಹೇಳಬೇಕು. ಈ ಕೊರತೆಯನ್ನು ತುಂಬಿದ್ದು ಭಾವಾತಿರೇಕದ ಚಿತ್ರವೆಂದು ವಿಮರ್ಶಕರು ಹಗುರವಾಗಿ ಕಂಡ ಮೆಲೋಡ್ರಾಮಾ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ 'ಶರಪಂಜರ'ವಾಗಿ ತೆರೆಗೆ ತಂದರು. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮರಳಿದ ಕಾವೇರಿಯನ್ನು ಮನೆಯವರು ಹುಚ್ಚಿಯೆಂದೇ ಕಾಣುತ್ತಾರೆ. ಗಂಡನ ಪರಸ್ತ್ರೀ ಸಂಬಂಧ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ತೆರೆಯ ತುಂಬ ಕಲ್ಪನಾ ಅವರ ಮುಖ ಬಂದಾಗ ನೋಡುಗನಿಗೆ ಕಣ್ಣು ತಪ್ಪಿಸಲು ಎಡೆಯಿರುವುದಿಲ್ಲ. ಅಂಗೈಯಗಲದ ತೆರೆಯಲ್ಲಾದರೆ ಅವಳನ್ನು ನಿಲ್ಲಿಸಿ ಬೇರೆ ಕೆಲಸಕ್ಕೆ ಏಳಬಹುದು. ಊರಿನವರ ನಡುವೆ, ಕತ್ತಲಲ್ಲಿ ಕುಳಿತವನು ಅವಳ ಮಾತನ್ನು ಕೊನೆಯವರೆಗೂ ಕೇಳಲೇಬೇಕು. ಎಂಟು ಶತಮಾನಗಳಾದರೂ ಅಮೃತಮತಿಗೆ ಸಿಕ್ಕದಿರುವುದು ಅಂಥ ಒಂದು ಆಲಿಕೆ.