ಅರವತ್ತರಲ್ಲಿ ಒಂದು ಗಳಿಗೆ

ಹಿಂದಿನವರು ಹಗಲಿರುಳನ್ನು ಅರವತ್ತು ಗಳಿಗೆಗಳಾಗಿ ಎಣಿಸುತ್ತಿದ್ದರು. ಒಂದು ಗಳಿಗೆಯೆಂದರೆ 24 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರದಲ್ಲಿ ಕಡಮೆಯೆಂದರೆ 150 ನಿಮಿಷಗಳ ಸಾಧಾರಣ ವ್ಯಾಯಾಮವು ಬೇಕು. ಅದರ ಸಂಗಡ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ತರುವ ಅಂಗಸಾಧನೆಯಾಗಬೇಕು. ಮೊದಲನೆಯದನ್ನು ಏಳು ದಿನಗಳಿಗೆ ಹಂಚಿದರೆ ದಿನಕ್ಕೆ ಪೂರ್ತಿ ಒಂದು ಗಳಿಗೆಯೂ ಆಗದು. ಅರವತ್ತರಲ್ಲಿ ಒಂದು ಗಳಿಗೆ ದೊರೆಯದೆಂದರೆ ಯಾರು ನಂಬುವರು? ಆದರೆ ಉದ್ಯೋಗಕ್ಕೆ ಹೋಗುವ ತಾಯಿಗೆ ಆ ಒಂದು ಗಳಿಗೆಯೇ ಮನೆಯಲ್ಲಿ ಎಲ್ಲಕ್ಕಿಂತಲೂ ದುರ್ಲಭವಾದ ವಸ್ತು.

ಮೈಸೂರಿನ ಒಬ್ಬ ಗೃಹಿಣಿಯ ಸಂಗತಿಯನ್ನೇ ತೆಗೆದುಕೊಳ್ಳಬಹುದು. ಆಕೆಗೆ ನಲವತ್ತೆರಡು ವರ್ಷ. ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಪತಿ, ಇಬ್ಬರು ಮಕ್ಕಳು, ಅತ್ತೆ—ಇಷ್ಟು ಜನರ ಸಂಸಾರ. ಬೆಳಗ್ಗೆ ಐದೂವರೆಗೆ ಹಾಲು ಕಾಯಿಸುವುದರಿಂದ ಮೊದಲಾದ ಕೆಲಸವು ಒಂಬತ್ತು ಗಂಟೆಗೆ ಬಸ್ಸು ಹತ್ತುವವರೆಗೂ ಬಿಡುವಿಲ್ಲದೆ ಸಾಗುವುದು. ಅಲ್ಲಿಂದ ಸಂಜೆಯವರೆಗೆ ಕಂಪ್ಯೂಟರಿನ ಮುಂದೆ ಕುಳಿತದ್ದೇ ಕುಳಿತದ್ದು. ಮನೆಗೆ ಬಂದರೆ ಮತ್ತೆ ಒಲೆ, ಮಕ್ಕಳ ಪಾಠ, ಮರುದಿನದ ತರಕಾರಿ. ಒಂದು ದಿನ ರಕ್ತಪರೀಕ್ಷೆಯಲ್ಲಿ ಸಕ್ಕರೆಯು ಮೇರೆಯನ್ನು ಮುಟ್ಟಿರುವುದು ಕಂಡುಬಂದಿತು. ದಿನವೂ ಬಿರುಸಾಗಿ ನಡೆಯಬೇಕೆಂದು ವೈದ್ಯರು ಹೇಳಿದರು. ಆಕೆಯ ತಾಯಿ ಮಧುಮೇಹದಿಂದಲೇ ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡವರು. ಆದುದರಿಂದ ಆ ಮಾತನ್ನು ಆಕೆ ಹಗುರವಾಗಿ ಕೇಳಲಿಲ್ಲ.

ಅತ್ತೆಯವರಿಗೆ ಮಾತ್ರ ಆಶ್ಚರ್ಯ. “ಅಲ್ಲಮ್ಮ, ದಿನವೆಲ್ಲ ನಿಂತ ಕಾಲಲ್ಲೇ ದುಡಿಯುತ್ತೀಯೆ, ಇನ್ನು ನಡೆಯುವುದಕ್ಕೆಂದೇ ಬೀದಿಗೆ ಹೋಗಬೇಕೆ? ನಮ್ಮ ಕಾಲದಲ್ಲಿ ಬೀಸುವ ಕಲ್ಲೇ ಗರಡಿ, ಸೇದುವ ಬಾವಿಯೇ ಸಾಮು” ಎಂದರು.

ಹಿರಿಯರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಲಂಡನ್ನಿನ ಬಸ್ ನೌಕರರ ವಿಷಯವಾಗಿ ಒಂದು ಶೋಧನೆಯನ್ನು ಪ್ರಕಟಿಸಿದರು. ಎರಡಂತಸ್ತಿನ ಬಸ್ಸುಗಳಲ್ಲಿ ದಿನವೆಲ್ಲ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗಿಂತ, ಕುಳಿತೇ ಇರುತ್ತಿದ್ದ ಚಾಲಕರಲ್ಲಿ ಹೃದ್ರೋಗವು ಹೆಚ್ಚಾಗಿತ್ತು. ದುಡಿಮೆಯೇ ವ್ಯಾಯಾಮವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೆ ಈಗ ಬೀಸುವ ಕಲ್ಲಿನ ಸ್ಥಾನದಲ್ಲಿ ಮಿಕ್ಸಿಯೂ ಬಾವಿಯ ಸ್ಥಾನದಲ್ಲಿ ನಲ್ಲಿಯೂ ಬಂದಿವೆ. ದುಡಿಮೆಯ ಬೆವರು ಕಡಮೆಯಾಯಿತು, ದಣಿವು ಮಾತ್ರ ಉಳಿಯಿತು. ಒಲೆಯ ಮುಂದೆ ನಿಂತರೆ ಕಾಲು ನೋಯುವುದು, ಉಸಿರು ಏರುವುದಿಲ್ಲ. ನಡೆಯುವಾಗ ಮಾತನಾಡುವುದು ಸಾಧ್ಯವಾಗಿ ಹಾಡುವುದು ಅಸಾಧ್ಯವಾದರೆ ಆ ನಡಿಗೆಯು ತಕ್ಕಷ್ಟು ಬಿರುಸಾಗಿದೆಯೆಂದು ವೈದ್ಯರು ಹೇಳುವರು. ರಾಗಿ ಬೀಸುತ್ತಲೇ ಪದಗಳನ್ನು ಹಾಡುತ್ತಿದ್ದ ಅಜ್ಜಿಯರು ಈ ಪರೀಕ್ಷೆಯಲ್ಲಿ ಏನಾಗುತ್ತಿದ್ದರೋ ತಿಳಿಯದು!

ಇಂತಹ ತಾಯಂದಿರಿಗೆ ಎಲ್ಲರೂ ಕೊಡುವ ಬುದ್ಧಿವಾದ ಒಂದೇ: ಇನ್ನೂ ಅರ್ಧ ಗಂಟೆ ಮುಂಚೆ ಏಳಬೇಕು. ಆಕೆಯೂ ಹಾಗೆಯೇ ಮಾಡಿದಳು. ಐದು ಗಂಟೆಗೆ ಎದ್ದು ಬೀದಿಯ ದೀಪದ ಬೆಳಕಿನಲ್ಲಿ ನಡೆದಳು. ರಾತ್ರಿ ಮಲಗುವ ಹೊತ್ತು ಮಾತ್ರ ಹನ್ನೊಂದಕ್ಕಿಂತ ಹಿಂದೆ ಸರಿಯಲಿಲ್ಲ. ಎರಡು ವಾರದೊಳಗೆ ತಲೆನೋವು ಮೊದಲಾಯಿತು. ಕಡತದ ಮೇಲೆ ತೂಕಡಿಕೆ ಬಂದಿತು. ನಡಿಗೆಯು ನಿಂತುಹೋಯಿತು. ಮನಸ್ಸು ಗಟ್ಟಿಯಿಲ್ಲವೆಂದು ಆಕೆ ತನ್ನನ್ನೇ ಹಳಿದುಕೊಂಡಳು. ವಾಸ್ತವವಾಗಿ ಕೊರತೆಯಿದ್ದುದು ಮನಸ್ಸಿನಲ್ಲಲ್ಲ, ಲೆಕ್ಕದಲ್ಲಿ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ರೆ ಬೇಕು. ಅಷ್ಟೂ ಇಲ್ಲದ ನಿದ್ರೆಯಿಂದ ಮತ್ತೆ ಸಾಲ ತೆಗೆದರೆ ಆರೋಗ್ಯವು ಬೆಳೆಯುವುದೆಂತು?

ಈ ಲೆಕ್ಕವು ಒಂದು ಮನೆಯದಲ್ಲ. ಭಾರತ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಮನೆಗೆಲಸ ಮಾಡುವ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ವ್ಯಯಿಸುತ್ತಿದ್ದರು. ಗಳಿಗೆಯ ಲೆಕ್ಕದಲ್ಲಿ ಆಕೆಯದು ಹನ್ನೆರಡೂವರೆ, ಅವನದು ನಾಲ್ಕು. ಅದೂ ಪುರುಷರಲ್ಲಿ ಶೇಕಡಾ 26 ಮಂದಿ ಮಾತ್ರ ಆ ಕೆಲಸಕ್ಕೆ ಕೈ ಹಾಕಿದವರು. ತಾಯಿಯ ಆ ಗಳಿಗೆಯು ಎಲ್ಲಿ ಅಡಗಿದೆಯೆಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

ಆ ಮನೆಯಲ್ಲಿ ಇದನ್ನು ಮೊದಲು ಕಂಡವರು ಅತ್ತೆಯವರೇ. ಸೊಸೆ ಬೇಸತ್ತು ಕುಳಿತ ಒಂದು ಭಾನುವಾರ ಮಗನನ್ನು ಕರೆದು, “ನಾಳೆಯಿಂದ ಆರೂಕಾಲಿನಿಂದ ಏಳರವರೆಗೆ ಒಲೆ ನಿನ್ನದಪ್ಪಾ” ಎಂದರು. ಸೊಪ್ಪು ಬಿಡಿಸುವುದನ್ನು ತಾವು ವಹಿಸಿಕೊಂಡರು. ನೀರಿನ ಬಾಟಲಿ, ಬುತ್ತಿಯ ಡಬ್ಬಿಗಳು ಮಕ್ಕಳ ಪಾಲಿಗೆ ಬಂದವು. ಮೊದಲ ವಾರ ಉಪ್ಪಿಟ್ಟಿನ ತುಂಬ ಗಂಟುಗಳು. ನಡೆಯುತ್ತಿದ್ದವಳಿಗೆ ಸಾಸಿವೆಯ ಡಬ್ಬಿ ಎಲ್ಲಿದೆಯೆಂದು ಕೇಳುವ ಕರೆಗಳು ಬರುತ್ತಿದ್ದವು. ಮೂರನೆಯ ದಿನ ಆಕೆ ಫೋನನ್ನು ಮನೆಯಲ್ಲಿಯೇ ಬಿಟ್ಟು ಹೊರಟಳು. ಸಾಸಿವೆ ಸಿಕ್ಕಿತು.

ಉಳಿದುದನ್ನು ಆಕೆ ದಿನದಲ್ಲಿಯೇ ಅಲ್ಲಲ್ಲಿ ಸೇರಿಸಿಕೊಂಡಳು. ಒಮ್ಮೆಗೆ ಹತ್ತು ನಿಮಿಷವಾದರೂ ಮಾಡಿದರೇ ಲೆಕ್ಕವೆಂಬ ಹಳೆಯ ಕಟ್ಟಳೆಯನ್ನು 2020ರ ಮಾರ್ಗಸೂಚಿಯು ಕೈಬಿಟ್ಟಿದೆ. ಕಚೇರಿಯ ಮೆಟ್ಟಿಲನ್ನು ಹತ್ತಿದ ಎರಡು ನಿಮಿಷವೂ ಜಮೆಯಾಗುವುದು. ವಾರಕ್ಕೆರಡು ಸಂಜೆ ಮಗಳ ಸಂಗಡ ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಅಂಗೈ ಕೊಟ್ಟು ದೇಹವನ್ನು ಬಾಗಿಸಿ ತಳ್ಳುವುದು, ಹೀಗೆ ಕೆಲವು ಸಾಧನೆಗಳು ನಡೆದವು. ಮುಟ್ಟು ನಿಂತ ಮೇಲೆ ಸ್ತ್ರೀಯರ ಎಲುಬು ಬೇಗ ಸವೆಯುವುದರಿಂದ ಈ ಬಲವು ಮುಂದಿನ ದಿನಗಳಿಗೆ ಇಟ್ಟ ಗಂಟೆಂದೇ ಹೇಳಬೇಕು.

ಮೂರು ತಿಂಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸಕ್ಕರೆಯ ಅಂಕಿ ತುಸುವೇ ಇಳಿದಿತ್ತು. ಅದು ಹಾಗೆಯೇ ನಿಲ್ಲುವುದೋ ಇಲ್ಲವೋ ಕಾಲವೇ ಹೇಳಬೇಕು. ಆದರೆ ಹನ್ನೆರಡು ವರ್ಷದ ಮಗನು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಳ್ಳಲು ಕಲಿತಿದ್ದಾನೆ. ಮುಂದೆ ಅವನ ಮನೆಗೆ ಬರುವ ಹುಡುಗಿಯು ತನ್ನ ಒಂದು ಗಳಿಗೆಯನ್ನು ಯಾರಲ್ಲಿಯೂ ಬೇಡಬೇಕಾಗಲಾರದು.