ಋಣ ಚಿಹ್ನೆ

ಪಾಕಶಾಸ್ತ್ರದ ಪುಸ್ತಕವನ್ನು ಓದಿ ಹೊಟ್ಟೆ ತುಂಬಿಸಿಕೊಂಡವರಿಲ್ಲ. ಈಜಿನ ಮೇಲಣ ಪ್ರಬಂಧವನ್ನು ಓದಿ ಹೊಳೆ ದಾಟಿದವರೂ ಇಲ್ಲ. ಭೌತಶಾಸ್ತ್ರದ ಲೆಕ್ಕಗಳನ್ನು ಮಾತ್ರ, ಯಾರೋ ಬಿಡಿಸಿಟ್ಟ ಉತ್ತರಗಳನ್ನು ಓದಿಕೊಂಡೇ ಕಲಿತುಬಿಡಬಹುದೆಂಬ ನಂಬಿಕೆ ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಭದ್ರವಾಗಿ ಬೇರೂರಿದೆ. ಓದುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ಸೂತ್ರ ಇದು, ಬೆಲೆ ಇದು, ಉತ್ತರ ಇದು. ಪುಸ್ತಕವನ್ನು ಮುಚ್ಚಿ ಬರಿಯ ಹಾಳೆಯ ಮುಂದೆ ಕುಳಿತಾಗಲೇ ತಿಳಿದದ್ದು ಯಾವುದು, ತಿಳಿದಂತೆ ತೋರಿದ್ದು ಯಾವುದು ಎಂಬುದು ಹೊರಬೀಳುವುದು. ಅಷ್ಟು ಹೊತ್ತಿಗೆ ಪರೀಕ್ಷೆಯ ಗಂಟೆ ಬಾರಿಸಿರುತ್ತದೆ.

ಮೈಸೂರಿನ ಸರಸ್ವತಿಪುರದ ಒಂದು ಮನೆಯ ಹುಡುಗಿಗೆ ಆದದ್ದೂ ಇದೇ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕನ್ನಡ, ಸಮಾಜ, ಗಣಿತಗಳಲ್ಲಿ ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದ ಅಂಕಗಳೇ ಬಂದಿದ್ದವು. ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಭೌತಶಾಸ್ತ್ರದ ಮೂರು ಲೆಕ್ಕಗಳಿಗೆ ಬಿಟ್ಟ ಜಾಗ ಹಾಗೆಯೇ ಬೆಳ್ಳಗೆ ಉಳಿದಿತ್ತು. ಹುಡುಗಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನೇ ತೆಗೆದುಕೊಳ್ಳಬೇಕೆಂಬ ಹಂಬಲ. ಮನೆಯ ಯಜಮಾನರು ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತು ವರ್ಷಗಳಿಂದ ಇರುವವರು. ಬೆಳ್ಳಗೆ ಉಳಿದ ಜಾಗವನ್ನು ಕಂಡರೆ ಅವರಿಗೆ ಸಹಜವಾಗಿಯೇ ಕೋಪ.

“ಸೈನ್ಸ್ ಗೀನ್ಸ್ ಏನೂ ಬೇಡ, ಕಾಮರ್ಸ್ ಸಾಕು,” ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗಿತ್ತು. “ಅದೂ ಆಗದಿದ್ರೆ ಮಾವನ ಜೊತೆ ವೈರ್ ಎಳೆಯೋಕೆ ಹೋಗು,” ಎಂದೂ ಸೇರಿಸಿದರು.

ಆ ಮಾವ, ಎಂದರೆ ಮನೆಯೊಡತಿಯ ತಮ್ಮ, ಆಗ ಪಕ್ಕದ ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ಮಿಕ್ಸಿಯನ್ನು ಬಿಚ್ಚಿಕೊಂಡಿದ್ದರು. ಅವರು ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದದ್ದು ವಿಜ್ಞಾನದಲ್ಲಿಯೇ. ಅನಂತರ ಒಬ್ಬ ವೈರ್‌ಮನ್ನನ ಕೈಕೆಳಗೆ ಸೇರಿ, ಗೋಡೆ ಕೊರೆದು ಪೈಪು ಹೂಳುವುದರಿಂದ ತೊಡಗಿ, ಈಗ ನಾಲ್ಕು ಮಂದಿ ಹುಡುಗರನ್ನಿಟ್ಟುಕೊಂಡು ಮನೆಗಳಿಗೆ ವೈರಿಂಗ್ ಮಾಡಿಸುವವರು. ಮಾತು ಕೇಳಿಸಿತೆಂಬುದಕ್ಕೆ ಅವರ ಮುಖದಲ್ಲಿ ಯಾವ ಗುರುತೂ ಕಾಣಲಿಲ್ಲ. ಮಿಕ್ಸಿಯನ್ನು ಜೋಡಿಸಿ, ಒಮ್ಮೆ ತಿರುಗಿಸಿ ನೋಡಿ, “ಸರಿಯಾಯ್ತಕ್ಕ” ಎಂದು ಎದ್ದು ಹೊರಟರು. ಒಲೆಯ ಮೇಲೆ ಕಾಫಿ ಕಾದಿತ್ತು; ಕುಡಿಯಲು ನಿಲ್ಲಲಿಲ್ಲ. ಮೈಸೂರಿನ ಮನೆಗಳಲ್ಲಿ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಮೂರು ವಾರ ಅವರು ಆ ಕಡೆ ಸುಳಿಯಲಿಲ್ಲ.

ಆ ಮೂರು ವಾರಗಳಲ್ಲಿ ಹುಡುಗಿ ಲೆಕ್ಕಗಳನ್ನು ಹಿಡಿದು ಕುಳಿತಳು. ದಿನಕ್ಕೆ ಹತ್ತು ಎಂದು ತಂದೆಯ ಕಟ್ಟಪ್ಪಣೆ. ಹತ್ತೇನೋ ಆಗುತ್ತಿದ್ದವು. ಆದರೆ ಎಣಿಕೆಗೂ ಅಭ್ಯಾಸಕ್ಕೂ ಅಂಥ ಹತ್ತಿರದ ನಂಟಿಲ್ಲ. ಒಂದೇ ಬಗೆಯ ಹತ್ತು ಲೆಕ್ಕಗಳನ್ನು ಮಾಡುವುದೆಂದರೆ ಒಂದು ಲೆಕ್ಕವನ್ನು ಹತ್ತು ಸಲ ನಕಲು ಮಾಡಿದಂತೆ. ಹನ್ನೊಂದನೆಯದು ಸ್ವಲ್ಪ ಮಗ್ಗುಲು ಬದಲಿಸಿತೆಂದರೆ ಕೈ ನಿಂತುಹೋಗುತ್ತದೆ.

ಮೊದಲು ಎಡವಿದ್ದು ಬಲದ ಪಾಠದಲ್ಲಿ. ಅದು ಒಂಬತ್ತನೆಯ ತರಗತಿಯದು. ಆಗ ಸರಿಯಾಗಿ ತಲೆಗೆ ಹತ್ತದೆ ಬಿಟ್ಟುಹೋದದ್ದು ಈಗ ಕಾಡುತ್ತಿತ್ತು. 20 ಕಿಲೋಗ್ರಾಮಿನ ಪೆಟ್ಟಿಗೆ, 50 ನ್ಯೂಟನ್ ಬಲದಿಂದ ಎಳೆಯುತ್ತಾರೆ, ನೆಲದ ಘರ್ಷಣೆ 10 ನ್ಯೂಟನ್, ವೇಗೋತ್ಕರ್ಷವೆಷ್ಟು? ಹುಡುಗಿ 50ನ್ನು 20ರಿಂದ ಭಾಗಿಸಿ ಎರಡೂವರೆ ಎಂದು ಬರೆದಳು. ಪೆಟ್ಟಿಗೆಯನ್ನು ಮುಂದಕ್ಕೆ ಸೆಳೆಯುವುದು ಬರಿಯ 50 ಅಲ್ಲ, ಘರ್ಷಣೆಗೆ ಕೊಡಬೇಕಾದದ್ದನ್ನು ಕೊಟ್ಟು ಉಳಿದ 40. ಆದ್ದರಿಂದ ಉತ್ತರ 2 ಎಂಬುದನ್ನು ಹಿಂದಿನ ಪುಟ ನೋಡಿ ತಿದ್ದಿಕೊಂಡದ್ದಾಯಿತು. ತಿದ್ದಿಕೊಂಡ ಮೇಲೂ ಒಂದು ಸಂದೇಹ ಉಳಿಯಿತು, ಅದು ತಿದ್ದುಪಡಿಗಿಂತ ಬೆಲೆಯುಳ್ಳದ್ದು. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮದ ಪ್ರಕಾರ ಕುದುರೆ ಗಾಡಿಯನ್ನು ಎಷ್ಟು ಎಳೆಯುವುದೋ ಗಾಡಿಯೂ ಕುದುರೆಯನ್ನು ಅಷ್ಟೇ ಹಿಂದಕ್ಕೆ ಎಳೆಯುತ್ತದೆ. ಎರಡೂ ಸರಿಸಮವಾದರೆ ಗಾಡಿ ಹೊರಡುವುದು ಹೇಗೆ?

ಇದಕ್ಕೆ ಉತ್ತರ ಬಂದದ್ದು ಸೊಪ್ಪು ಸೋಸುತ್ತ ಕುಳಿತಿದ್ದ ತಾಯಿಯಿಂದ. “ಮಳೇಲಿ ಅರಮನೆ ಹತ್ರ ಟಾಂಗಾ ಕುದುರೆ ಜಾರಿದ್ದು ನೋಡಿಲ್ವೇನೇ? ಕಾಲಿಗೆ ನೆಲ ಸಿಕ್ಕದೇ ಇದ್ರೆ ಅದಕ್ಕೆ ಎಷ್ಟು ಶಕ್ತಿ ಇದ್ದು ಏನು ಬಂತು?” ಹುಡುಗಿಯ ಪೆನ್ಸಿಲು ನಿಂತಿತು. ಗಾಡಿಯನ್ನು ಎಳೆಯುವ ಬಲ ಗಾಡಿಯ ಮೇಲೆ. ಕುದುರೆಯನ್ನು ಹಿಂದಕ್ಕೆ ಜಗ್ಗುವ ಬಲ ಕುದುರೆಯ ಮೇಲೆ. ಎರಡು ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳು ಒಂದನ್ನೊಂದು ವಜಾ ಮಾಡಲಾರವು. ಕುದುರೆ ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಕುದುರೆಯನ್ನು ಮುಂದಕ್ಕೆ ಒತ್ತುತ್ತದೆ. ಈ ಒತ್ತು ಗಾಡಿಯ ಜಗ್ಗನ್ನು ಮೀರಿದಾಗ ಕುದುರೆಯೂ, ಅದರ ಹಿಂದೆ ಗಾಡಿಯೂ ಹೊರಡುತ್ತವೆ. ಅಲ್ಲಿಂದ ಮುಂದೆ ಅವಳು ಬಲದ ಪ್ರತಿಯೊಂದು ಲೆಕ್ಕಕ್ಕೂ ಮೊದಲು ಒಂದು ಚಿತ್ರ ಬರೆದು, ಬಾಣಗಳು ಯಾವ ವಸ್ತುವಿನ ಮೇಲೆ ನಾಟಿವೆ ಎಂದು ನೋಡಿಕೊಂಡಳು. ಹತ್ತರ ಬದಲು ದಿನಕ್ಕೆ ನಾಲ್ಕೇ ಲೆಕ್ಕಗಳಾದವು. ತಂದೆಗೆ ಅದು ಹಿಡಿಸಲಿಲ್ಲ.

ಆದರೆ ಬೆಳಕಿನ ಪಾಠದಲ್ಲಿ ದಾರಿ ತೋರಿಸಿದವರು ಆ ತಂದೆಯೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ದರ್ಪಣದ ಸೂತ್ರ ಹುಡುಗಿಗೆ ಕಂಠಪಾಠವಾಗಿತ್ತು. ಕಾಟವೆಲ್ಲ ಧನ, ಋಣ ಚಿಹ್ನೆಗಳದು. 15 ಸೆಂಟಿಮೀಟರ್ ಸಂಗಮದೂರದ ನಿಮ್ನ ದರ್ಪಣ, ಅದರ ಮುಂದೆ 10 ಸೆಂಟಿಮೀಟರ್ ದೂರದಲ್ಲಿ ವಸ್ತು. ಸಂಗಮದೂರಕ್ಕೆ ಋಣ ಹಾಕಿ, ವಸ್ತುವಿನ ದೂರಕ್ಕೆ ಹಾಕುವುದನ್ನು ಮರೆತಳು. ಪ್ರತಿಬಿಂಬ ಕನ್ನಡಿಯ ಮುಂದೆ 6 ಸೆಂಟಿಮೀಟರಿಗೆ ಬಂದು ನಿಂತಿತು. ಪುಸ್ತಕದ ಉತ್ತರವೋ ಕನ್ನಡಿಯ ಹಿಂದೆ 30 ಸೆಂಟಿಮೀಟರ್.

“ಯಾವುದಕ್ಕೆ ಮೈನಸ್ ಅಂತ ಹೇಗಪ್ಪಾ ನೆನಪಿಟ್ಕೊಳ್ಳೋದು?” ಎಂದು ಕೇಳಿದಳು.

ಚಿಹ್ನೆಯ ಮಾತು ಬಂದೊಡನೆ ಲೆಕ್ಕಪತ್ರದ ಮನುಷ್ಯ ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಕುಳಿತರು. “ನೆನಪಿಟ್ಕೊಳ್ಳೋದಲ್ಲಮ್ಮ. ನಾನು ನಿನಗೆ ನೂರು ರೂಪಾಯಿ ಕೊಡಬೇಕು ಅನ್ನು. ನನ್ನ ಪುಸ್ತಕದಲ್ಲಿ ಅದು ಸಾಲ, ನಿನ್ನ ಪುಸ್ತಕದಲ್ಲಿ ಬರಬೇಕಾದ ಹಣ. ದುಡ್ಡು ಒಂದೇ. ಯಾರ ಪುಸ್ತಕ ಅಂತ ಮೊದಲು ಗೊತ್ತು ಮಾಡ್ಕೊಂಡು, ಕೊನೇವರೆಗೂ ಅದೇ ಪುಸ್ತಕದಲ್ಲಿ ಬರೀಬೇಕು. ಮಧ್ಯದಲ್ಲಿ ಪುಸ್ತಕ ಬದಲಾಯಿಸಿದ್ರೆ ತಾಳೆ ಬೀಳೋದಿಲ್ಲ.”

ಚಿಹ್ನೆಯ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪಠ್ಯಪುಸ್ತಕ ಸಿಗುವುದು ಕಷ್ಟ. ಇಲ್ಲಿ ಪುಸ್ತಕದ ಒಡೆಯ ಕನ್ನಡಿಯ ಧ್ರುವ. ಬೆಳಕು ಬಂದು ಬೀಳುವ ದಿಕ್ಕಿನಲ್ಲಿ ಅಳೆದದ್ದು ಜಮಾ, ಅದಕ್ಕೆ ಎದುರಾಗಿ ಅಳೆದದ್ದು ಋಣ. ವಸ್ತುವೂ ನಿಮ್ನ ದರ್ಪಣದ ಸಂಗಮವೂ ಕನ್ನಡಿಯ ಮುಂದಿರುವುದರಿಂದ ಎರಡೂ ಋಣ. ಹಿಂದೆ ತೋರುವ ಪ್ರತಿಬಿಂಬ ಧನ. ಅಷ್ಟರಮೇಲೆ ಯಜಮಾನರು ಸ್ನಾನದ ಮನೆಯಿಂದ ತಮ್ಮ ಕ್ಷೌರದ ಕನ್ನಡಿಯನ್ನೇ ತಂದುಕೊಟ್ಟರು. ಅದು ಮುಖವನ್ನು ದೊಡ್ಡದಾಗಿ ತೋರಿಸುವ ನಿಮ್ನ ದರ್ಪಣ. ಹತ್ತಿರ ಹಿಡಿದಾಗ ಹುಡುಗಿಯ ಮುಖ ನೇರವಾಗಿ, ಹಿಗ್ಗಿ, ಕನ್ನಡಿಯ ಆಚೆ ಎಲ್ಲೋ ಕಂಡಿತು. ಮುಂದೆ 6 ಸೆಂಟಿಮೀಟರಿನಲ್ಲಿ ಏನೂ ಇರಲಿಲ್ಲ. ತಪ್ಪು ಉತ್ತರವನ್ನು ಪುಸ್ತಕದ ಕೊನೆಯ ಪುಟ ನೋಡದೆಯೇ ತಪ್ಪೆಂದು ಹೇಳಬಹುದೆಂಬುದು ಆ ದಿನ ಅವಳಿಗೆ ಹೊಸ ಸುದ್ದಿ. ಸಂಜೆಯವರೆಗೂ ಅಡುಗೆಮನೆಯ ಸ್ಟೀಲು ಸೌಟುಗಳಿಗೆಲ್ಲ ಪರೀಕ್ಷೆ ನಡೆಯಿತು: ಒಳಮೈಯಲ್ಲಿ ಮುಖ ತಲೆಕೆಳಗು, ಬೆನ್ನಿನಲ್ಲಿ ನೆಟ್ಟಗೆ ಆದರೆ ಕಿರಿದು. ಸಾರು ಬಡಿಸುವುದಕ್ಕೆ ಸೌಟಿಲ್ಲದೆ ತಾಯಿ ಕೂಗಿಕೊಳ್ಳಬೇಕಾಯಿತು.

ಉಳಿದದ್ದು ವಿದ್ಯುತ್ತು. ಸೂತ್ರಗಳು ಇಲ್ಲಿ ಸುಲಭ, ಆದರೆ ಕಣ್ಣಿಗೆ ಏನೂ ಕಾಣದು, ಕುದುರೆಯಿಲ್ಲ, ಕನ್ನಡಿಯಿಲ್ಲ. 60 ವಾಟ್ ಮತ್ತು 100 ವಾಟಿನ ಎರಡು ತಂತಿಯ ಬಲ್ಬುಗಳು, ಎರಡೂ 220 ವೋಲ್ಟಿನವು. ಅವುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶಮಾನ? ಹುಡುಗಿ ನೂರು ಎಂದಳು, ತಂದೆಯೂ ನೂರೆಂದರು. ಉತ್ತರದ ಪುಟದಲ್ಲಿ 60 ಎಂದಿತ್ತು. ಅಚ್ಚಿನ ತಪ್ಪಿರಬೇಕೆಂದು ಯಜಮಾನರ ತೀರ್ಮಾನ.

ಮನೆಯೊಡತಿ ಅಂದು ತಮ್ಮನಿಗೆ ಫೋನು ಮಾಡಿದರು. ನಡುಮನೆಯ ಫ್ಯಾನು ಸದ್ದು ಮಾಡುತ್ತಿದೆಯೆಂಬುದು ನೆಪ. ಫ್ಯಾನು ಸದ್ದು ಮಾಡುತ್ತಿದ್ದುದು ನಿಜ. ಆದರೆ ಎರಡು ವರ್ಷಗಳಿಂದ ಮಾಡುತ್ತಿತ್ತು.

ಅವರು ಬಂದರು. ಫ್ಯಾನಿಗೆ ಎಣ್ಣೆ ಬಿಟ್ಟು ಕೆಳಗಿಳಿಯುವಷ್ಟರಲ್ಲಿ ಹುಡುಗಿ ಪ್ರಶ್ನೆಯನ್ನು ಓದಿ ಹೇಳಿದಳು. ಅವರು ಕೈ ಒರಸಿಕೊಳ್ಳುತ್ತಲೇ “ಅರವತ್ತು” ಎಂದರು.

“ಹೇಗ್ ಗೊತ್ತು ಮಾವ?”

“ನೋಡಿದ್ದೀನಿ.”

“ನೋಡಿದ್ದೀನಿ ಅಂತ ಪರೀಕ್ಷೇಲಿ ಬರೆಯೋಕಾಗತ್ತಾ?”

“ಅದಕ್ಕೇ ನಾನು ಫೇಲಾದದ್ದು,” ಎಂದು ಮಾವ ನಕ್ಕರು. ಯಜಮಾನರು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರು.

ವೈರಿಂಗ್ ಕೆಲಸದವರ ಚೀಲದಲ್ಲಿ ಸೀರೀಸ್ ಬೋರ್ಡು ಎಂಬುದೊಂದಿರುತ್ತದೆ. ಹಲಗೆಯ ಮೇಲೆ ಒಂದು ಹೋಲ್ಡರು, ಒಂದು ಸಾಕೆಟ್ಟು, ಒಂದು ಸ್ವಿಚ್ಚು, ಅಷ್ಟೆ. ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನೋ ಮೋಟಾರನ್ನೋ ಅದರ ಸಾಕೆಟ್ಟಿಗೆ ಸಿಕ್ಕಿಸಿ ನೋಡುತ್ತಾರೆ. ಒಳಗೆ ತಂತಿಗಳು ಒಂದಕ್ಕೊಂದು ತಾಗಿದ್ದರೆ ಹೋಲ್ಡರಿನ ಬಲ್ಬು ಪೂರ್ತಿ ಉರಿಯುತ್ತದೆ. ತುಂಡಾಗಿದ್ದರೆ ಉರಿಯುವುದೇ ಇಲ್ಲ. ಮನೆಮನೆಗೂ ಎಲ್.ಇ.ಡಿ. ದೀಪಗಳು ಬಂದ ಮೇಲೂ ಈ ಒಂದು ಕೆಲಸಕ್ಕಾಗಿ ಹಳೆಯ ತಂತಿಯ ಬಲ್ಬುಗಳನ್ನು ಜೋಪಾನ ಮಾಡಿಟ್ಟುಕೊಳ್ಳುವವರುಂಟು. ಮಾವ ಹೋಲ್ಡರಿಗೆ ನೂರರ ಬಲ್ಬನ್ನೂ, ಸಾಕೆಟ್ಟಿಗೆ ಅರವತ್ತರದನ್ನೂ ಹಾಕಿ, ಎಲ್ಲರನ್ನೂ ದೂರ ಸರಿಸಿ ಸ್ವಿಚ್ಚು ಒತ್ತಿದರು. ಅರವತ್ತು ಹಳದಿಯಾಗಿ ಬೆಳಗಿತು. ನೂರರ ತಂತಿ ಊದುಬತ್ತಿಯ ತುದಿಯಷ್ಟು ಕೆಂಪಗಾಗಿ ಅಲ್ಲಿಗೇ ನಿಂತಿತು. ಪತ್ರಿಕೆ ಕೆಳಗಿಳಿಯಿತು.

ಏಕೆ ಎಂಬುದನ್ನು ಮಾವ ಹೇಳಲಾರದೆ ಹೋದರು. ಅದನ್ನು ಬಿಡಿಸಿದವಳು ಹುಡುಗಿ. 220ರ ವರ್ಗವನ್ನು ವಾಟಿನಿಂದ ಭಾಗಿಸಿದರೆ ರೋಧ. ನೂರರ ಬಲ್ಬಿಗೆ 484 ಓಮ್, ಅರವತ್ತರದಕ್ಕೆ ಸುಮಾರು 807. ಸರಣಿಯಲ್ಲಿ ಎರಡರಲ್ಲೂ ಹರಿಯುವ ಪ್ರವಾಹ ಒಂದೇ, 0.17 ಆಂಪೇರ್; ಆದ್ದರಿಂದ ರೋಧ ಹೆಚ್ಚಿರುವಲ್ಲಿ ಶಾಖವೂ ಹೆಚ್ಚು. ಅರವತ್ತಕ್ಕೆ ಸಿಕ್ಕುವುದು 23 ವಾಟ್, ನೂರಕ್ಕೆ 14. “ಹದಿನಾಲ್ಕು ಇರಲಾರದು, ಇನ್ನೂ ಕಡಿಮೆ,” ಎಂದು ಮಾವ ಅದನ್ನು ಒಪ್ಪಲಿಲ್ಲ. ಅವರ ಸಂದೇಹಕ್ಕೆ ಕಾರಣವಿತ್ತು. ಟಂಗ್‌ಸ್ಟನ್ ತಂತಿ ತಣ್ಣಗಿದ್ದಷ್ಟೂ ಅದರ ರೋಧ ಕಡಿಮೆ. ಪುಸ್ತಕದ ಲೆಕ್ಕ ಅದನ್ನು ಬದಲಾಗದೆಂದು ಇಟ್ಟುಕೊಂಡಿರುತ್ತದೆ.

ಮಾತು ಬೆಳೆಯಿತು. ದೀಪಾವಳಿಗೆ ಬಾಗಿಲಿಗೆ ಇಳಿಬಿಡುವ ಸೀರಿಯಲ್ ಸೆಟ್ಟಿನ ಹೆಸರಿನಲ್ಲಿಯೇ ಸರಣಿ ಇದೆಯೆಂದು, ಹಳೆಯ ಸೆಟ್ಟುಗಳಲ್ಲಿ ಒಂದು ಮಣಿದೀಪ ಸುಟ್ಟರೆ ಆ ಸಾಲೆಲ್ಲ ಕತ್ತಲೆಯಾಗುತ್ತಿದ್ದುದು ಅದಕ್ಕೇ ಎಂದು ಹುಡುಗಿಗೆ ಹೊಳೆಯಿತು. ಭಾನುವಾರ ಸಂಜೆ ಅರಮನೆಯಲ್ಲಿ ಬೆಳಗುವ ಸುಮಾರು 1 ಲಕ್ಷ ದೀಪಗಳನ್ನು ಹಾಗೆ ಸರಣಿಯಲ್ಲಿ ಜೋಡಿಸಿದ್ದರೆ ಒಂದೊಂದಕ್ಕೆ ದಕ್ಕುವುದು 0.0022 ವೋಲ್ಟ್ ಎಂದು ಲೆಕ್ಕ ಹಾಕಿದವರು ಯಜಮಾನರು. ಅದಕ್ಕೆ ಸಮಾಂತರ ಜೋಡಣೆಯೇ ಬೇಕು: ಪ್ರತಿಯೊಂದಕ್ಕೂ ಪೂರ್ತಿ ವೋಲ್ಟ್, ಒಂದು ಹೋದರೆ ಒಂದೇ ಹೋಯಿತು. ಮನೆಗಳಲ್ಲಿಯೂ ಹಾಗೆಯೇ.

“ನಿನ್ನ ಬೋರ್ಡು ಇಲ್ಲದಿದ್ರೆ ನಾನು ಅಚ್ಚಿನ ತಪ್ಪು ಅಂತಲೇ ಸಾಧಿಸ್ತಿದ್ದೆ ಕಣಯ್ಯಾ,” ಎಂದು ಯಜಮಾನರು ಹೇಳಿದರು. ಕ್ಷಮೆಯ ಮಾತು ಅವರ ಬಾಯಲ್ಲಿ ಅಷ್ಟರಮಟ್ಟಿಗೆ ಮಾತ್ರ ಬರಬಲ್ಲುದು. “ಬಿಡಿ ಭಾವ,” ಎಂದರು ಮಾವ. ಕಾಫಿ ಬಂತು, ಕುಡಿದರು.

ಆಮೇಲೆ ಆ ಲೆಕ್ಕವನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿಕೊಡೆಂದು ಸೊಸೆಯನ್ನು ಕೇಳಿ, ತಮ್ಮ ರಶೀತಿ ಪುಸ್ತಕದ ಬೆನ್ನಿನ ಮೇಲೆ ಅಂಕಿ ಅಂಕಿಯಾಗಿ ಬರೆದುಕೊಂಡರು. ಕೊನೆಗೆ 484 ಎಂದು ಬರೆದು ಪೆನ್ನಿನ ಮುಚ್ಚಳ ಹಾಕಹೊರಟಾಗ ಹುಡುಗಿ, “ಏಕಮಾನ ಬರೀದಿದ್ರೆ ಅಂಕ ಹೋಗತ್ತೆ ಮಾವ,” ಎಂದು ಮುಂದೆ ಒಂದು ಗುರುತು ಹಾಕಿಕೊಟ್ಟಳು. ಕೆಳಗೆ ಬಾಯಿ ತೆರೆದ, ಎರಡು ಪಾದಗಳ ಆ ಗುರುತು ಅವರ ಮೀಟರಿನ ತಿರುಗಣಿಯ ಮೇಲೆ ಇಷ್ಟು ವರ್ಷವೂ ಇದ್ದದ್ದೇ. ಅದು ಒಮೆಗಾ ಎಂಬ ಗ್ರೀಕ್ ಅಕ್ಷರವೆಂದೂ, ಓಮ್ ಎಂಬುದು ಒಬ್ಬ ಮನುಷ್ಯನ ಹೆಸರೆಂದೂ ಅವರಿಗೆ ಯಾರೂ ಹೇಳಿರಲಿಲ್ಲ. ಬೀಗ ಮಾಡುವವನ ಮಗ, ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು, 1827ರಲ್ಲಿ ಅಚ್ಚು ಹಾಕಿಸಿದ ಅವನ ಪುಸ್ತಕವನ್ನು ಮೊದಲು ಅವನ ದೇಶದವರೇ ಆದರಿಸಲಿಲ್ಲ, ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಪದಕ ಕೊಟ್ಟದ್ದು 1841ರಲ್ಲಿ ಎಂದು ಹುಡುಗಿ ಹೇಳುತ್ತ ಹೋದಳು. ಮಾವ ಮೀಟರನ್ನು ಚೀಲದಿಂದ ತೆಗೆದು, ತಿರುಗಣಿಯನ್ನು ಆ ಗುರುತಿಗೆ ತಂದು, ಕೆಳಗಿಟ್ಟಿದ್ದ ನೂರರ ಬಲ್ಬಿಗೆ ಎರಡು ಕಡ್ಡಿಗಳನ್ನು ಹಿಡಿದರು. ಬಲ್ಬು ಆಗ ಪೂರ್ತಿ ತಣ್ಣಗಾಗಿತ್ತು. 484ರ ಹತ್ತಿರಕ್ಕೂ ಬರದ ಅಂಕಿ ಮೂಡಿತು.

“ನೋಡು, ನಾನು ಹೇಳಲಿಲ್ವಾ?” ಎಂದರು ಮಾವ. ಹುಡುಗಿ ಹೊಸ ಹಾಳೆ ತೆಗೆದಳು. ಯಜಮಾನರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.