ಕಿವಿಗೊಂದು ವಯಸ್ಸು, ಕಣ್ಣಿಗೊಂದು ವಯಸ್ಸು

ಸಂಘದ ಯಾವ ಸಮಾರಂಭಕ್ಕೆ ಹೋದರೂ, ಭಾಷಣಗಳು ಮುಗಿದು ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಹೊತ್ತಿಗೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: “ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ಆದರೆ ಕನ್ನಡ ಪುಸ್ತಕ ಮುಟ್ಟುವುದಿಲ್ಲ ನೋಡಿ.” ನಾವು ಗಂಡಹೆಂಡಿರೂ ಈ ಮಾತನ್ನು ಬಹಳ ವರ್ಷ ಆಡಿದವರೇ. ತಪ್ಪು ಮಕ್ಕಳದ್ದೆಂದೇ ನಮ್ಮ ನಂಬಿಕೆಯಾಗಿತ್ತು. ಅದರಲ್ಲಿ ಹೆಚ್ಚಿನ ಪಾಲು ನಮ್ಮದೆಂದು ಗೊತ್ತಾದದ್ದು ಹೇಗೆಂದು ಹೇಳುತ್ತೇವೆ. ನಮ್ಮಂಥ ಒಂದೆರಡು ಮನೆಗಳಿಗೆ ಉಪಯೋಗವಾದರೆ ಆಗಲಿ.

ಎರಡು ವರ್ಷಗಳ ಹಿಂದೆ ಮೇ ತಿಂಗಳ ರಜೆಗೆ ಮುಂಬಯಿಯಿಂದ ಕುಮಟೆಗೆ ಹೋಗಿದ್ದೆವು. ಮಗನಿಗೆ ಆಗ ಹನ್ನೊಂದು ವರ್ಷ. ಬಸ್ ಸ್ಟ್ಯಾಂಡಿನಲ್ಲಿ ಅವನ ದೊಡ್ಡಪ್ಪನ ಮಕ್ಕಳು, “ಅದು ಎಲ್ಲಿಗೆ ಹೋಗುವ ಬಸ್ಸು, ಓದು ನೋಡುವಾ” ಎಂದರು. ಹುಡುಗ ಬೋರ್ಡನ್ನು ದಿಟ್ಟಿಸಿ, ಒತ್ತಕ್ಷರವನ್ನು ನುಂಗಿ, “ಹೊ... ನಾ... ವ... ರ” ಎಂದ. ಅವರು ನಕ್ಕರು. ದುರುದ್ದೇಶವೇನೂ ಇರಲಿಲ್ಲ, ಆದರೆ ಅವನ ಮುಖ ಸಣ್ಣದಾಯಿತು. ಆಮೇಲೆ ರಜೆ ಮುಗಿಯುವವರೆಗೂ ಅವರೊಡನೆ ಅವನು ಹಿಂದಿಯಲ್ಲೇ ಮಾತಾಡಿದ. ಮುಂಬಯಿಗೆ ಮರಳಿದ ಮೇಲೆ ಅಜ್ಜಿಯ ಫೋನು ಬಂದರೂ ಏನಾದರೊಂದು ನೆವ ಹೇಳಿ ಒಳಗೆ ಹೋಗಿಬಿಡುತ್ತಿದ್ದ. ಆಗ ನಮಗೆ ನಿಜವಾಗಿ ಭಯವಾಯಿತು. ಓದು ಬಾರದಿದ್ದರೆ ಹೋಗಲಿ ಎನ್ನಬಹುದು. ನಾಚಿಕೆಯಿಂದ ಮಾತೇ ಬಿಟ್ಟುಹೋದರೆ ಅಜ್ಜಿ ಮೊಮ್ಮಗನ ನಡುವೆ ಉಳಿಯುವುದೇನು?

ಭಯಪಟ್ಟವರು ಮಾಡುವ ಕೆಲಸವನ್ನೇ ನಾವೂ ಮಾಡಿದೆವು. ಒಂದನೆಯ ತರಗತಿಯ ಪಠ್ಯಪುಸ್ತಕವನ್ನೂ, ಮಹಾಪುರುಷರ ಜೀವನಚರಿತ್ರೆಗಳ ಒಂದು ಕಟ್ಟನ್ನೂ ತಂದು ಅವನ ಮುಂದಿಟ್ಟೆವು. ದಿನಕ್ಕೆ ಒಂದು ಪುಟ, ತಪ್ಪಿದರೆ ಮತ್ತೆ ಮೊದಲಿನಿಂದ. ಮೂರು ವಾರಗಳಲ್ಲಿ ಪುಸ್ತಕಗಳ ಮೇಲೆ ಧೂಳು ಕೂತಿತು. “ಕನ್ನಡದ ಮೇಲೆ ನಿನಗೆ ಪ್ರೀತಿಯೇ ಇಲ್ಲ” ಎಂದು ಗದರಿಸಿದಾಗ ಅವನೆಂದ: “ಒಂದು ಪುಸ್ತಕದಲ್ಲಿ ಅಗಸ, ಆನೆ ಬಿಟ್ಟರೆ ಏನೂ ಇಲ್ಲ. ಇನ್ನೊಂದರಲ್ಲಿ ಎಲ್ಲರೂ ಒಳ್ಳೆಯವರೇ. ಅಷ್ಟು ಕಷ್ಟಪಟ್ಟು ಓದಿದರೆ ಕೊನೆಗೆ ನೀತಿ ಬರುತ್ತದೆ ಅಪ್ಪಾ!”

ನಾವು ಬಾಯಿ ಮುಚ್ಚಿಕೊಂಡು ಯೋಚಿಸಿದೆವು. ಈ ಹುಡುಗ ಶಾಲೆಯಲ್ಲಿ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ ಓದುವವನು. ಮರಾಠಿಗೂ ಹಿಂದಿಗೂ ಒಂದೇ ಲಿಪಿ ಸಾಕು. ಕನ್ನಡಕ್ಕೆ ಮಾತ್ರ ಬೇರೆಯದೇ ಲಿಪಿ, ಅದರಲ್ಲೂ ಅಕ್ಷರದ ಕಾಲಡಿಯಲ್ಲಿ ಕೂತ ಒತ್ತು. ಅಂದರೆ ಕನ್ನಡದ ಮಟ್ಟಿಗೆ ಅವನ ಕಣ್ಣಿಗೆ ಆರು ವರ್ಷ, ಕಿವಿಗೆ ಹನ್ನೊಂದು. ನಾವು ಕಣ್ಣಿನ ವಯಸ್ಸಿಗೆ ತಕ್ಕ ಪುಸ್ತಕ ಕೊಟ್ಟು ಬುದ್ಧಿಗೆ ಅವಮಾನ ಮಾಡಿದ್ದೆವು. ಕಿವಿಯ ವಯಸ್ಸಿಗೆ ಬೇರೆ ಪುಸ್ತಕ ಬೇಕಿತ್ತು, ಮತ್ತು ಅದನ್ನು ಓದಿ ಹೇಳುವವರು ನಾವಾಗಬೇಕಿತ್ತು.

ಮಳೆಗಾಲದ ಒಂದು ದಿನ ಲೋಕಲ್ ಗಾಡಿಗಳು ನಿಂತು ಎಲ್ಲರೂ ಮನೆಯಲ್ಲೇ ಉಳಿದಾಗ, ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಗಟ್ಟಿಯಾಗಿ ಓದತೊಡಗಿದೆವು. ನಮ್ಮಲ್ಲೊಬ್ಬರು ಓದುವುದು, ಇನ್ನೊಬ್ಬರು ದೋಸೆ ಎರೆಯುವುದು. “ನಾಯಿಗೆ ಕಿವಿ ಅಂತ ಹೆಸರಾ?” ಎಂದು ಹುಡುಗ ಹತ್ತಿರ ಸರಿದ. ಕತೆ ಬಿಸಿಯೇರಿದ ಜಾಗದಲ್ಲಿ ದೋಸೆ ಸೀಯುತ್ತಿದೆಯೆಂದು ಓದು ನಿಂತಿತು. ಮರಳಿ ಬಂದು ನೋಡಿದರೆ ಹುಡುಗ ಸಾಲಿನ ಮೇಲೆ ಬೆರಳಿಟ್ಟು ತಾನೇ ತಡವರಿಸುತ್ತಿದ್ದಾನೆ! ನಮ್ಮ ಬಾಲ್ಯದ ‘ಚಂದಮಾಮ’ದಲ್ಲಿ ಬೇತಾಳ ಪ್ರತಿಸಲ ಮರಕ್ಕೆ ಹಾರಿದ್ದರಿಂದಲೇ ಅಲ್ಲವೇ ನಾವು ಮುಂದಿನ ತಿಂಗಳಿಗೆ ಕಾಯುತ್ತಿದ್ದದ್ದು? ಅಂದಿನಿಂದ ಬೇಕೆಂದೇ ಅರ್ಧಕ್ಕೆ ನಿಲ್ಲಿಸತೊಡಗಿದೆವು. ಇನ್ನೊಂದು ನಿಯಮವನ್ನೂ ಮಾಡಿಕೊಂಡೆವು: ಅವನು ಓದುವಾಗ ತಪ್ಪು ತಿದ್ದಬಾರದು, ಕೇಳಿದರೆ ಮಾತ್ರ ಹೇಳಬೇಕು. ಮಗನ ಓದಿಗಿಂತ ನಮ್ಮ ಈ ಸಂಯಮವೇ ಕಷ್ಟದ್ದಾಗಿತ್ತು.

ಹೀಗೆ ನಮ್ಮ ಮನೆಯಲ್ಲೂ ನೆರೆಯ ಮಕ್ಕಳಲ್ಲೂ ರುಚಿಸಿದ ಕೆಲವು ಪುಸ್ತಕಗಳನ್ನು ಸೂಚಿಸುತ್ತೇವೆ. ತೀರ ಚಿಕ್ಕವರಿಗೆ ಪದ್ಯವೇ ಮೊದಲು. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’, ಬೊಳುವಾರು ಮಹಮದ್ ಕುಂಞಿಯವರು ಹಲವು ಕವಿಗಳ ಶಿಶುಗೀತೆಗಳನ್ನು ಆಯ್ದು ಸಂಪಾದಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’, ಇವನ್ನು ಓದಬೇಕಿಲ್ಲ, ಹಾಡಿದರೆ ಸಾಕು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯದಿಂದ ಹೊರಟದ್ದಾದರೂ ಕನ್ನಡಕ್ಕೆ ಬಂದು ತುಂಗೆಯ ತೀರದ್ದೇ ಆಗಿದೆ. ಇಲಿಗಳು ಬರುವ ಜಾಗದಲ್ಲಿ ಯಾವ ಮಗುವೂ ಸುಮ್ಮನೆ ಕೂರುವುದಿಲ್ಲ. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ ಕತೆಯನ್ನು ನಮ್ಮ ಕರಾವಳಿಯವರು ಬಿಡಲೇಬಾರದು.

ಅಕ್ಷರ ಈಗಷ್ಟೇ ಕೂಡಿಸುವವರಿಗೆ ಚಿತ್ರ ಹೆಚ್ಚು, ಅಕ್ಷರ ಕಡಿಮೆ ಇರುವ ಪುಸ್ತಕಗಳು ಬೇಕು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಇಂಥವು ಸಿಗುತ್ತವೆ. 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳೂ ಇವೆ. ಅವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳನ್ನು ಕಾಸಿಲ್ಲದೆ ಓದಬಹುದು. ಊರಿನಿಂದ ಪುಸ್ತಕ ತರಿಸಲಾಗದವರಿಗೆ ಇದು ದೊಡ್ಡ ಅನುಕೂಲ.

ಹತ್ತು ದಾಟಿದವರಿಗೆ ಬೊಳುವಾರರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ ಹಿಡಿಸುತ್ತದೆ. 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕ ಇದು. ಮಹಾಪುರುಷರ ಕಟ್ಟನ್ನು ದೂರವಿಟ್ಟ ನಮ್ಮ ಮಗ ಇದನ್ನು ದೂರವಿಡಲಿಲ್ಲ. ಮರುವರ್ಷ ಅದೇ ಪುರಸ್ಕಾರ ಬಂದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’, ಹುಟ್ಟಿದೂರನ್ನು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ದೊಡ್ಡವರೂ ಓದಬೇಕಾದದ್ದು. ಆಮೇಲೆ ತೇಜಸ್ವಿ ಇದ್ದೇ ಇದ್ದಾರೆ: 1991ರ ‘ಪರಿಸರದ ಕತೆ’ ಮೊದಲು, ಹಾರುವ ಓತಿಯನ್ನು ಹುಡುಕಿ ಹೊರಡುವ 1980ರ ‘ಕರ್ವಾಲೊ’ ಅನಂತರ. ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಸಂಪುಟಗಳು ಸಂಘದ ವಾಚನಾಲಯದಲ್ಲಿದ್ದರೆ ಮಕ್ಕಳನ್ನು ಅವುಗಳ ಮುಂದೆ ಬಿಟ್ಟುಬಿಡಿ. 1936ರ ಪುಸ್ತಕ, ವಿಷಯ ಹಳತಾಗಿದೆ, ನಿಜ. ಆದರೆ ಒಬ್ಬ ಮನುಷ್ಯ ಜಗತ್ತನ್ನೆಲ್ಲ ಕನ್ನಡದ ಮಕ್ಕಳಿಗೆ ಹೇಳಹೊರಟ ಉತ್ಸಾಹ ಹಳತಾಗಿಲ್ಲ.

ಪುಸ್ತಕ ಹಿಡಿಸದಿದ್ದರೆ ಬಿಡುವ ಸ್ವಾತಂತ್ರ್ಯ ಮಗುವಿಗಿರಲಿ. ಹತ್ತು ತಂದರೆ ಎರಡು ಹಿಡಿಸೀತು. ಆ ಎರಡೇ ಲಾಭ.

ಈ ವರ್ಷದ ಮೇ ತಿಂಗಳಲ್ಲಿ ಮತ್ತೆ ಕುಮಟೆಗೆ ಹೋದೆವು. ಅದೇ ಬಸ್ ಸ್ಟ್ಯಾಂಡು, ಅದೇ ದೊಡ್ಡಪ್ಪನ ಮಕ್ಕಳು. ಹುಡುಗ ತಾನಾಗಿಯೇ ಒಂದು ಬೋರ್ಡು ಓದಹೊರಟ. ಒತ್ತನ್ನೆಲ್ಲ ಬಿಡಿಸಿ ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ಎಲ್ಲರೂ ನಕ್ಕರು, ಈ ಸಲ ಮೊದಲು ನಕ್ಕವನು ಅವನೇ. ಅಂದು ರಾತ್ರಿ ಕಣ್ಣು ಮಂಜಾಗಿರುವ ಅಜ್ಜಿಯ ಪಕ್ಕ ಕೂತು ‘ಸಿಗಡಿ’ಯ ಕತೆಯನ್ನು ಬೆರಳಿಟ್ಟು ಓದಿದ. ಮೂರು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಜ್ಜಿ ಒಂದು ತಪ್ಪನ್ನೂ ತಿದ್ದಲಿಲ್ಲ.